ಕಿಂಡಿಯ ಅಳತೆ, ಕಿಂಡಿಯ ಜಾಗ: ಹವ್ಯಾಸಿ ರಾಕೆಟ್ಟಿನ ಆಲ್ಟಿಮೀಟರ್ ಗೂಡು ಕುರಿತು ಒಂದು ಟಿಪ್ಪಣಿ

ನೂರು ಘನ ಅಂಗುಲದ ಗೂಡಿಗೆ ಕಾಲು ಅಂಗುಲದ ಒಂದು ತೂತು. ಅಮೆರಿಕದ ಹವ್ಯಾಸಿ ರಾಕೆಟ್ ವಲಯದಲ್ಲಿ ಈ ಸೂತ್ರ ಬಾಯಿಂದ ಬಾಯಿಗೆ, ಕೈಪಿಡಿಯಿಂದ ಕೈಪಿಡಿಗೆ ದಾಟುತ್ತ ಬಂದಿದೆ. 1957ರಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸದಸ್ಯರಿರಲಿ, ದೊಡ್ಡ ಮೋಟಾರುಗಳಿಗೆ ಹೆಸರಾದ ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ನಿನವರಿರಲಿ, ಆಲ್ಟಿಮೀಟರ್ ಕೂರಿಸುವ ಗೂಡು ಕಟ್ಟುವಾಗ ಮೊದಲು ನೆನೆಯುವುದು ಇದನ್ನೇ. ನಮ್ಮ ಅಳತೆಗೆ ತಂದರೆ ಸುಮಾರು 1,640 ಘನ ಸೆಂಟಿಮೀಟರಿಗೆ 6.35 ಮಿಲಿಮೀಟರ್ ವ್ಯಾಸದ ಗಾಳಿಕಿಂಡಿ. ಒಂದರ ಬದಲು ಮೂರೋ ನಾಲ್ಕೋ ಕೊರೆಯುವುದಾದರೆ ಒಟ್ಟು ಕ್ಷೇತ್ರಫಲ ಅಷ್ಟೇ ಇರಬೇಕು. ಒಳವ್ಯಾಸ 98 ಮಿಲಿಮೀಟರ್, ಉದ್ದ 25 ಸೆಂಟಿಮೀಟರ್ ಇರುವ ಗೂಡಿಗೆ ಇದರ ಪ್ರಕಾರ ಹೆಚ್ಚುಕಡಿಮೆ 4 ಮಿಲಿಮೀಟರಿನ ಮೂರು ಕಿಂಡಿಗಳು ಸಾಕು.

ಸೂತ್ರ ತಪ್ಪಲ್ಲ. ಆದರೆ ಹವ್ಯಾಸಿಗಳ ಚರ್ಚೆಯಲ್ಲಿ ಅದಕ್ಕೆ ಸಿಗುವ ಮಹತ್ವಕ್ಕೂ ಭೌತಶಾಸ್ತ್ರದ ಲೆಕ್ಕದಲ್ಲಿ ಅದಕ್ಕೆ ದಕ್ಕುವ ಮಹತ್ವಕ್ಕೂ ಅಜಗಜಾಂತರವಿದೆ ಎಂಬುದು ಈ ಟಿಪ್ಪಣಿಯ ವಾದ. ಕಿಂಡಿಯ ವ್ಯಾಸ ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಆಗುವ ನಷ್ಟ ಬಹಳ ಸಣ್ಣದು. ಕಿಂಡಿ ಎಲ್ಲಿದೆ, ಅದರ ಅಂಚು ಹೇಗಿದೆ, ಸುತ್ತ ಎಷ್ಟು ಕಿಂಡಿಗಳಿವೆ, ಗೂಡಿನ ಎರಡು ತುದಿಗಳು ಎಷ್ಟು ಭದ್ರವಾಗಿ ಮುಚ್ಚಿವೆ ಎಂಬ ವಿಷಯಗಳಲ್ಲಿ ಎಡವಿದರೆ ಆಗುವ ನಷ್ಟ ಅದರ ಸಾವಿರ ಪಟ್ಟು ಇರಬಲ್ಲದು.

ಆಲ್ಟಿಮೀಟರ್ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಬಳಿ ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ, ಬೆಚ್ಚಗಿನ ದಿನ, ಅದು ಹತ್ತೂವರೆಯ ಆಸುಪಾಸು. ಈಗ ಬಳಕೆಯಲ್ಲಿರುವ ಎಂಎಸ್5607, ಎಂಎಸ್5611 ತರಹದ ಸಂವೇದಕಗಳು ಒಂದೆರಡು ಪಾಸ್ಕಲ್‌ನ ವ್ಯತ್ಯಾಸವನ್ನೂ ಗುರುತಿಸುತ್ತವೆ; ಅಂದರೆ ಹತ್ತಿಪ್ಪತ್ತು ಸೆಂಟಿಮೀಟರ್ ಎತ್ತರ. ಒತ್ತಡ ಇಳಿಯುವುದು ನಿಂತು ಮತ್ತೆ ಏರತೊಡಗಿದಾಗ ಉಪಕರಣ ಶಿಖರ ತಲುಪಿದ್ದೇವೆಂದು ತೀರ್ಮಾನಿಸಿ ಕಪ್ಪು ಮದ್ದಿನ ಪುಟ್ಟ ಪೊಟ್ಟಣಕ್ಕೆ ಕಿಡಿ ಕೊಡುತ್ತದೆ, ಸಣ್ಣ ಪ್ಯಾರಾಚೂಟ್ ಹೊರಬೀಳುತ್ತದೆ. ಮುಂದೆ ನೂರಿನ್ನೂರು ಮೀಟರಿಗೆ ಇಳಿದಾಗ ಎರಡನೆಯ ಪೊಟ್ಟಣ, ದೊಡ್ಡ ಪ್ಯಾರಾಚೂಟ್. ಹೊರಗಿನ ಒತ್ತಡ ಗೂಡಿನೊಳಕ್ಕೆ ನಿಷ್ಠೆಯಿಂದ ಬರಬೇಕಾದದ್ದು ಇದಕ್ಕಾಗಿ. ಎತ್ತರದ ದಾಖಲೆ ಹತ್ತು ಮೀಟರ್ ತಪ್ಪಿದರೆ ಬೇಸರ. ಶಿಖರದ ಕ್ಷಣ ತಪ್ಪಿದರೆ ರಾಕೆಟ್ಟೇ ಚೂರು.

ಮೊದಲು ಕಿಂಡಿಯ ಅಳತೆಯ ವಿಚಾರ. ರಾಕೆಟ್ ಏರುತ್ತಿರುವಾಗ ಹೊರಗಿನ ಒತ್ತಡ ಇಳಿಯುತ್ತಿರುತ್ತದೆ. ಒಳಗಿನ ಗಾಳಿ ಕಿಂಡಿಯ ಮೂಲಕ ಹೊರಹೋಗಬೇಕು. ಅದು ಹೊರಹೋಗಲು ಒಳಗಿನ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚಿರಲೇಬೇಕು. ಆ ಹೆಚ್ಚಳವೇ ಗೂಡಿನ ಹಿಂಬೀಳಿಕೆ. ಕಿಂಡಿಯ ಹರಿವಿನ ಸಮೀಕರಣವನ್ನೂ ವಾತಾವರಣದ ಒತ್ತಡ ಎತ್ತರದೊಂದಿಗೆ ಇಳಿಯುವ ದರವನ್ನೂ ಒಟ್ಟಿಗೆ ಇಟ್ಟು ಬಿಡಿಸಿದರೆ, ಉತ್ತರ ಅನಿರೀಕ್ಷಿತವಾಗಿ ಸರಳ. ಗೂಡಿನ ಘನಗಾತ್ರವನ್ನು ಕಿಂಡಿಯ ಕ್ಷೇತ್ರಫಲದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ಕಾಲಂಗುಲದ ಸೂತ್ರ ಪಾಲಿಸಿದ ಗೂಡಿಗೆ ಅದು ಸುಮಾರು 52 ಮೀಟರ್. ಚೂಪು ಅಂಚಿನ ತೂತಿನಲ್ಲಿ ಗಾಳಿ ಪೂರ್ಣ ಕ್ಷೇತ್ರಫಲವನ್ನು ಬಳಸುವುದಿಲ್ಲವಾದ್ದರಿಂದ 0.6ರಿಂದ ಮತ್ತೆ ಭಾಗಿಸಬೇಕು: 86 ಮೀಟರ್. ಇದನ್ನು ವಾತಾವರಣದ ಒತ್ತಡ ಇಳಿಯುವ ದರವನ್ನು ಸೂಚಿಸುವ ಮಾಪಕ ಎತ್ತರವಾದ ಸುಮಾರು 8,400 ಮೀಟರಿಗೆ ಹೋಲಿಸಿದರೆ ನೂರರಲ್ಲಿ ಒಂದು ಭಾಗ. ಅದರ ವರ್ಗ ಹತ್ತು ಸಾವಿರದಲ್ಲಿ ಒಂದು. ಗೂಡಿನ ಹಿಂಬೀಳಿಕೆ ಎಂದರೆ ಆ ಕ್ಷಣದ ವೇಗಕ್ಕೆ ತಕ್ಕ ಚಲನ ಒತ್ತಡದ (ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವುದರ) ಹತ್ತು ಸಾವಿರದ ಒಂದಂಶ, ಅಷ್ಟೆ. ಒಳಗಿನ ಗಾಳಿ ಹಿಗ್ಗುತ್ತ ತಣ್ಣಗಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಇದು ಇನ್ನೂ ಅರ್ಧಕ್ಕಿಳಿಯುತ್ತದೆ; ಸದ್ಯ ಕಠಿಣವಾದ ಅಂದಾಜನ್ನೇ ಇಟ್ಟುಕೊಳ್ಳೋಣ.

ಎತ್ತರದ ಭಾಷೆಯಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಏರುವ ವಸ್ತು, ಗಾಳಿಯ ತಡೆ ಇಲ್ಲದಿದ್ದರೆ, ಇನ್ನೂ 510 ಮೀಟರ್ ಏರಬಲ್ಲದು. ಹಿಂಬೀಳಿಕೆ ಅದರ ಹತ್ತು ಸಾವಿರದ ಒಂದಂಶ, ಎಂದರೆ ಐದು ಸೆಂಟಿಮೀಟರ್. ಸೆಕೆಂಡಿಗೆ 300 ಮೀಟರ್ ವೇಗದಲ್ಲೂ ಅರ್ಧ ಮೀಟರ್ ದಾಟುವುದಿಲ್ಲ. ಮೇಲಾಗಿ ಅದು ವೇಗದ ವರ್ಗದಂತೆ ಇಳಿಯುವುದರಿಂದ ಶಿಖರದ ಬಳಿ ಶೂನ್ಯಕ್ಕೆ ಬಂದುಬಿಡುತ್ತದೆ. ಕಿಂಡಿ ಚಿಕ್ಕದಾಯಿತು, ಪ್ಯಾರಾಚೂಟ್ ತಡವಾಗಿ ಬಿಚ್ಚೀತು ಎಂಬ ಆತಂಕಕ್ಕೆ ಈ ಲೆಕ್ಕದಲ್ಲಿ ಆಧಾರ ಕಾಣದು. ಅದೇ 1,640 ಘನ ಸೆಂಟಿಮೀಟರಿನ ಗೂಡಿಗೆ 6.35ರ ಬದಲು ಬರೀ 1.14 ಮಿಲಿಮೀಟರಿನ ತೂತು ಕೊರೆದರೆ ಆಗ ಹಿಂಬೀಳಿಕೆ ಚಲನ ಒತ್ತಡದ ಹತ್ತರಲ್ಲಿ ಒಂದು ಭಾಗವಾಗುತ್ತದೆ. ಕ್ಷೇತ್ರಫಲದಲ್ಲಿ ಮೂವತ್ತು ಪಟ್ಟು ಅಂತರ. ಯಾವ ಎಂಜಿನಿಯರಿಂಗ್ ಸೂತ್ರಕ್ಕೂ ಇಷ್ಟು ಉದಾರವಾದ ಅಂಚು ಅಪರೂಪ.

ಕೆಲವು ಕೈಪಿಡಿಗಳಲ್ಲಿ ಇನ್ನೊಂದು ಪಾಠವಿದೆ: ಚಿಕ್ಕ ಗೂಡುಗಳಿಗೆ ಘನ ಅಂಗುಲಗಳನ್ನು 400ರಿಂದ ಭಾಗಿಸಿ, ಬಂದದ್ದೇ ಕಿಂಡಿಯ ವ್ಯಾಸ. ನೂರು ಘನ ಅಂಗುಲದಲ್ಲಿ ಎರಡೂ ಸೂತ್ರಗಳು ಕೂಡುತ್ತವೆ. ಅದಕ್ಕಿಂತ ಕೆಳಗೆ ಬೇರೆಯಾಗುತ್ತವೆ. ವ್ಯಾಸವೇ ಘನಗಾತ್ರದ ಅನುಪಾತದಲ್ಲಿ ಇಳಿದರೆ ಕ್ಷೇತ್ರಫಲ ಅದರ ವರ್ಗದಂತೆ ಕುಗ್ಗುತ್ತದೆ. ಹೀಗಾಗಿ ಚಿಕ್ಕ ಗೂಡೇ ಹೆಚ್ಚು ಹಿಂದೆಬೀಳುತ್ತದೆ. ಹತ್ತು ಘನ ಅಂಗುಲದ ಗೂಡಿಗೆ 0.64 ಮಿಲಿಮೀಟರಿನ ತೂತು, ಹಿಂಬೀಳಿಕೆ ಚಲನ ಒತ್ತಡದ ಶೇಕಡ ಒಂದು. ಇದೂ ಪ್ರಾಣಾಪಾಯವಲ್ಲ. ಆದರೆ ಅಷ್ಟು ಸಣ್ಣ ತೂತು ಎರಡು ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ತೂತಾಗಿರದೆ ಕೊಳವೆಯಾಗುತ್ತದೆ, ಬಣ್ಣದ ಒಂದು ಹನಿಗೆ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಚಿಕ್ಕ ಗೂಡಿಗೂ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಕೊರೆಯಲು ಕಾರಣವಿಲ್ಲ.

ಹಾಗಾದರೆ ಕಿಂಡಿ ಎಷ್ಟು ದೊಡ್ಡದಾದರೂ ಸರಿಯೇ? ಅದೂ ಅಲ್ಲ. ದೊಡ್ಡ ಕಿಂಡಿ ಹೊರಗಿನ ಸುಳಿ, ಬೀಸುಗಾಳಿಯ ಏರಿಳಿತಗಳನ್ನು ತಡೆಯಿಲ್ಲದೆ ಒಳಬಿಡುತ್ತದೆ. ಗೂಡು ಮತ್ತು ಕಿಂಡಿ ಸೇರಿ ಒಂದು ಅನುನಾದಕವೂ ಹೌದು. ಮೇಲೆ ಹೇಳಿದ 98 ಮಿಲಿಮೀಟರಿನ ಗೂಡಿನ ಗೋಡೆ ಮೂರು ಮಿಲಿಮೀಟರ್ ದಪ್ಪವಿದ್ದರೆ ಅದರ ಸಹಜ ಆವರ್ತನ ಸೆಕೆಂಡಿಗೆ ಸುಮಾರು 95 ಎಂದು ಲೆಕ್ಕ ಹೇಳುತ್ತದೆ. ಸೆಕೆಂಡಿಗೆ 20 ಸಲ ಮಾತ್ರ ಓದುವ ಉಪಕರಣಕ್ಕೆ ಇಂಥ ಕಂಪನ ಕಂಡರೆ ಅದು ನಿಧಾನದ, ಸುಳ್ಳು ಏರಿಳಿತವಾಗಿ ದಾಖಲಾಗುತ್ತದೆ. ಚಿಕ್ಕ ಕಿಂಡಿ ಇದನ್ನು ತಣಿಸುತ್ತದೆ. ಹಿಂಬೀಳಿಕೆಗೆ ಹೆದರಿ ಕಿಂಡಿಯನ್ನು ಅಗಲ ಮಾಡಿಕೊಂಡವರು ಇಲ್ಲದ ರೋಗಕ್ಕೆ ಮದ್ದು ಮಾಡಿ ಇನ್ನೊಂದು ರೋಗ ತಂದುಕೊಳ್ಳುತ್ತಾರೆ.

ಇನ್ನು ಜಾಗ. ಹಾರುವ ರಾಕೆಟ್ಟಿನ ಮೈಮೇಲೆ ಒತ್ತಡ ಎಲ್ಲೆಡೆ ಒಂದೇ ಇರುವುದಿಲ್ಲ. ಮೂತಿಯ ತುದಿಯಲ್ಲಿ ಅತಿ ಹೆಚ್ಚು. ಮೂತಿ ಮುಗಿದು ಕೊಳವೆ ಶುರುವಾಗುವ ಭುಜದ ಬಳಿ ಗಾಳಿ ವೇಗ ಪಡೆದು ಸುತ್ತಲಿನ ಒತ್ತಡಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ ಹಿಂದಕ್ಕೆ, ಕೊಳವೆಯ ನಾಲ್ಕು ವ್ಯಾಸದಷ್ಟು ದೂರ ಹೋಗುವ ಹೊತ್ತಿಗೆ, ಮೆಲ್ಲಗೆ ಸಹಜ ಒತ್ತಡಕ್ಕೆ ಮರಳುತ್ತದೆ. ಶಂಕುವಿನಂಥ ಮೂತಿ ಚೂಪಾದ ಮೂಲೆಯಲ್ಲಿ ಕೊಳವೆಗೆ ಸೇರಿದರೆ ಭುಜದ ಇಳಿತ ಇನ್ನೂ ಕಟುವಾಗುತ್ತದೆ. ರೆಕ್ಕೆಗಳ ಬುಡದ ಬಳಿ ಮತ್ತೆ ಏರುಪೇರು. ವಿಮಾನ ವಿಜ್ಞಾನದಲ್ಲಿ ಇದಕ್ಕೆ ಸ್ಥಾನದೋಷ ಎನ್ನುತ್ತಾರೆ. ಅಮೆರಿಕದ ನಾಸಾಗೆ ವಿಲಿಯಂ ಗ್ರೇಸಿ 1980ರಲ್ಲಿ ಬರೆದುಕೊಟ್ಟ, ವಿಮಾನದ ವೇಗ ಮತ್ತು ಎತ್ತರದ ಮಾಪನ ಕುರಿತ ಗ್ರಂಥವನ್ನು ತಿರುವಿದರೆ ವಿಮಾನದ ಮೈಮೇಲೆ ಸರಿಯಾದ ಒಂದು ತೂತಿನ ಜಾಗ ಹುಡುಕಲು ಎಷ್ಟು ದುಡಿದಿದ್ದಾರೆಂದು ತಿಳಿಯುತ್ತದೆ. ರಾಕೆಟ್ ಹವ್ಯಾಸಿಗಳು ಓದಬೇಕಾದ ಪುಸ್ತಕ ಅದು.

ಸ್ಥಾನದೋಷವೂ ಚಲನ ಒತ್ತಡದ ಒಂದು ಅಂಶವೇ ಆದ್ದರಿಂದ ಅದನ್ನು ಹಿಂಬೀಳಿಕೆಯ ಪಕ್ಕದಲ್ಲಿ ನೇರವಾಗಿ ಇಟ್ಟು ನೋಡಬಹುದು. ಭುಜಕ್ಕೆ ತೀರ ಹತ್ತಿರ ಕೊರೆದ ಕಿಂಡಿಯಲ್ಲಿ ಒತ್ತಡ ಚಲನ ಒತ್ತಡದ ಶೇಕಡ ಐದರಷ್ಟು ಕಡಿಮೆ ಇದೆ ಎಂದುಕೊಳ್ಳೋಣ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಸಮುದ್ರಮಟ್ಟದ ಚಲನ ಒತ್ತಡ ಸುಮಾರು 6,100 ಪಾಸ್ಕಲ್; ಅದರ ಶೇಕಡ ಐದು ಎಂದರೆ 300 ಪಾಸ್ಕಲ್ ದಾಟುತ್ತದೆ, ಎತ್ತರದಲ್ಲಿ 25 ಮೀಟರ್. ಅದೇ ಕ್ಷಣದ ಹಿಂಬೀಳಿಕೆ ಐದು ಸೆಂಟಿಮೀಟರ್. ವ್ಯಾಸದ ದಶಮಾಂಶಗಳ ಬಗ್ಗೆ ಗಂಟೆಗಟ್ಟಲೆ ವಾದಿಸಿ, ಕೊನೆಗೆ ಜಾಗ ಸಿಕ್ಕಲ್ಲಿ ಡ್ರಿಲ್ ಇಡುವವರ ಮುಂದೆ ಈ ಎರಡು ಸಂಖ್ಯೆಗಳನ್ನು ಇಟ್ಟರೆ ಸಾಕು. ಕಿಂಡಿಯ ಮುಂದೆ ಉಡಾವಣೆಯ ಕಂಬಿಗೆ ಸಿಕ್ಕಿಸುವ ಲಾಂಚ್ ಲಗ್, ರೈಲ್ ಬಟನ್, ಹೊರಚಾಚಿದ ತಿರುಪಿನ ತಲೆ ಇರಬಾರದು; ಎರಡು ಕೊಳವೆಗಳು ಸೇರುವ ಮೆಟ್ಟಿಲಿನ ಹಿಂದೆಯೇ ಕೊರೆಯಬಾರದು.

ಅಂಚಿನ ಮಾತೂ ಇದಕ್ಕೇ ಸೇರಿದ್ದು. ಕೊರೆದ ತೂತಿನ ಬಾಯಲ್ಲಿ ಸಿಬಿರು ಎದ್ದಿದ್ದರೆ, ಬಣ್ಣದ ದಿಣ್ಣೆ ಕಟ್ಟಿದ್ದರೆ, ಗಾಳಿ ಅದನ್ನು ಹಾಯುವಾಗ ಒತ್ತಡವನ್ನು ಬದಲಿಸಿಬಿಡುತ್ತದೆ. ಆರ್. ಶಾ 1960ರಲ್ಲಿ ಪ್ರಕಟಿಸಿದ ಪ್ರಯೋಗಗಳು ನಯವಾದ ತೂತೂ ಅದರ ವ್ಯಾಸಕ್ಕೆ ತಕ್ಕಂತೆ ಸ್ವಲ್ಪ ಸುಳ್ಳು ಹೇಳುತ್ತದೆಂದೂ, ವ್ಯಾಸದ ನೂರರ ಒಂದು ಭಾಗದಷ್ಟು ಚಿಕ್ಕ ಸಿಬಿರಿನ ಪರಿಣಾಮವೂ ಅಳತೆಗೆ ಸಿಗುತ್ತದೆಂದೂ ತೋರಿಸಿದವು. ನಾಲ್ಕು ಮಿಲಿಮೀಟರಿನ ಕಿಂಡಿಗೆ ಅದು 0.04 ಮಿಲಿಮೀಟರ್, ಬೆರಳಿಗೆ ತಾಕುವ ಸಿಬಿರು ಅದಕ್ಕಿಂತ ದೊಡ್ಡದು. ಬಣ್ಣ ಬಳಿದ ಮೇಲೆ ಕೊರೆದು, ನಯವಾದ ಮರಳು ಕಾಗದದಿಂದ ಒಮ್ಮೆ ಉಜ್ಜುವುದು ಎರಡು ನಿಮಿಷದ ಕೆಲಸ.

ಕಿಂಡಿಗಳ ಸಂಖ್ಯೆಯ ವಿಷಯ ಇದಕ್ಕಿಂತ ಸೂಕ್ಷ್ಮ, ನನಗೆ ಎಲ್ಲಕ್ಕಿಂತ ಕುತೂಹಲದ್ದು. ಒಂದು ಕಿಂಡಿ ಕೊರೆಯಿರಿ, ಇಲ್ಲವೇ ಮೂರು ಅಥವಾ ಹೆಚ್ಚು. ಎದುರುಬದುರು ಎರಡು ಮಾತ್ರ ಬೇಡ ಎಂಬ ಎಚ್ಚರಿಕೆ ಹವ್ಯಾಸಿಗಳಲ್ಲಿ ರೂಢಿಯಲ್ಲಿದೆ. ಇದರ ಕಾರಣ ಅಡ್ಡಗಾಳಿಯಲ್ಲಿದೆ. ನಿಂತ ಕೊಳವೆಗೆ ಅಡ್ಡಗಾಳಿ ಬೀಸಿದರೆ, ಆದರ್ಶ ಹರಿವಿನ ಗಣಿತದಲ್ಲಿ, ಗಾಳಿಗೆ ಎದುರಾದ ರೇಖೆಯಲ್ಲೂ ಅದರ ನೇರ ಹಿಂಬದಿಯಲ್ಲೂ ಒತ್ತಡ ಅಡ್ಡಗಾಳಿಯ ಚಲನ ಒತ್ತಡದಷ್ಟು ಹೆಚ್ಚುತ್ತದೆ, ಎರಡು ಪಕ್ಕಗಳಲ್ಲಿ ಅದರ ಮೂರು ಪಟ್ಟು ಇಳಿಯುತ್ತದೆ. ಎದುರುಬದುರಿನ ಎರಡು ಕಿಂಡಿಗಳು ಗಾಳಿಯ ನೇರಕ್ಕೆ ಬಂದರೆ ಗೂಡು ಒಂದು ಪಟ್ಟು ಹೆಚ್ಚು ಒತ್ತಡ ಕಾಣುತ್ತದೆ. ಪಕ್ಕಕ್ಕೆ ಬಂದರೆ ಮೂರು ಪಟ್ಟು ಕಡಿಮೆ. ರಾಕೆಟ್ ಸುತ್ತುತ್ತ ಏರಿದರೆ ಓದು ಈ ನಾಲ್ಕು ಪಟ್ಟಿನ ವ್ಯಾಪ್ತಿಯಲ್ಲಿ ತೂಗುತ್ತದೆ.

ಮೂರು ಕಿಂಡಿ ಸಮದೂರದಲ್ಲಿದ್ದರೆ ಅವುಗಳ ಒತ್ತಡದ ಸರಾಸರಿ ರಾಕೆಟ್ ಯಾವ ಕಡೆ ತಿರುಗಿದ್ದರೂ ಒಂದೇ, ಒಂದು ಪಟ್ಟು ಕಡಿಮೆ. ಸಾಮಾನ್ಯ ವಿವರಣೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಗೂಡು ಒತ್ತಡಗಳ ಸರಾಸರಿಯನ್ನು ತೆಗೆಯುವುದಿಲ್ಲ. ಒಳಬರುವ ಗಾಳಿ ಹೊರಹೋಗುವ ಗಾಳಿಗೆ ಸಮವಾಗುವಲ್ಲಿ ಅದರ ಒತ್ತಡ ನಿಲ್ಲುತ್ತದೆ, ಆ ಹರಿವು ಒತ್ತಡದ ಅಂತರದ ವರ್ಗಮೂಲದಂತೆ ನಡೆಯುತ್ತದೆ. ಹೀಗೆ ಲೆಕ್ಕ ಹಾಕಿದರೆ, ಮೂರರಲ್ಲಿ ಒಂದು ಕಿಂಡಿ ಗಾಳಿಗೆ ಎದುರಾಗಿರುವಾಗ ಗೂಡಿನ ಒತ್ತಡ 1.4 ಪಟ್ಟು ಕಡಿಮೆ. ಒಂದು ಕಿಂಡಿ ಸರಿಯಾಗಿ ಪಕ್ಕಕ್ಕಿರುವಾಗ 0.6 ಪಟ್ಟು ಮಾತ್ರ ಕಡಿಮೆ. ನಾಲ್ಕು ಕಿಂಡಿಗಳಿಗೆ ಇದೇ ಲೆಕ್ಕ ಮಾಡಿದರೆ ಯಾವ ಕೋನದಲ್ಲೂ ಒಂದೇ ಉತ್ತರ: ಒಂದು ಪಟ್ಟು ಕಡಿಮೆ. ನಿಜವಾದ ಹರಿವು ಕೊಳವೆಯ ಹಿಂಬದಿಯಲ್ಲಿ ಬೇರ್ಪಡುವುದರಿಂದ ಈ ಅಂಕಿಗಳು ಅಕ್ಷರಶಃ ಸಿಗುವುದಿಲ್ಲ. ಮೂರು, ನಾಲ್ಕರ ಅಂತರ ಎಲ್ಲಿಂದ ಬರುತ್ತದೆಂಬುದನ್ನು ಮಾತ್ರ ತೋರಿಸುತ್ತವೆ. ಸೆಕೆಂಡಿಗೆ 6 ಮೀಟರಿನ ಗಾಳಿಗೆ ಒಂದು ಪಟ್ಟು ಎಂದರೆ ಸುಮಾರು 22 ಪಾಸ್ಕಲ್, ಎತ್ತರದಲ್ಲಿ ಎರಡು ಮೀಟರಿಗಿಂತ ಕೊಂಚ ಕಡಿಮೆ. ಲಾಂಚ್ ಪ್ಯಾಡಿನ ಮೇಲೆ ನಿಂತ ರಾಕೆಟ್ ಗಾಳಿಯಲ್ಲಿ ಒಂದೆರಡು ಮೀಟರ್ ಮೇಲೆ ಕೆಳಗೆ ಆದಂತೆ ದಾಖಲೆ ತೋರಿಸುವುದಕ್ಕೆ ಇದೇ ಕಾರಣ. ಹಾರಾಟ ಶುರುವಾಯಿತೆಂದು ಉಪಕರಣ ಒಪ್ಪುವ ಮಿತಿಯನ್ನು ಹತ್ತಾರು ಮೀಟರಿಗೆ ಇಡುವುದೂ ಇದಕ್ಕೇ.

ಶಬ್ದದ ವೇಗದ ಬಳಿ ಕಥೆ ಬೇರೆ. ಸಮುದ್ರಮಟ್ಟದಲ್ಲಿ ಆ ವೇಗದ ಚಲನ ಒತ್ತಡ ಸುಮಾರು 71,000 ಪಾಸ್ಕಲ್. ಆಘಾತದ ಅಲೆ ಕಿಂಡಿಯ ಮೇಲೆ ಹಾಯುವಾಗ ಅಲ್ಲಿನ ಒತ್ತಡ ಅದರ ಶೇಕಡ ಐದರಷ್ಟು ನೆಗೆದರೂ ಅದು 3,500 ಪಾಸ್ಕಲ್, ಉಪಕರಣಕ್ಕೆ ಮುನ್ನೂರು ಮೀಟರಿನ ದಿಢೀರ್ ಇಳಿತ. ಶಿಖರ ದಾಟಿದ್ದೇವೆಂದು ನಂಬಿ ಅದು ಆ ವೇಗದಲ್ಲೇ ಪ್ಯಾರಾಚೂಟ್ ಹೊರತಳ್ಳಿದರೆ ಉಳಿಯುವುದು ಚಿಂದಿ. ಕಿಂಡಿ ಇದನ್ನು ಸೋಸುವುದಿಲ್ಲ: ಸೂತ್ರದ ಗೂಡಿನಲ್ಲಿ 3,500 ಪಾಸ್ಕಲ್‌ನ ಅಂತರ ಸೆಕೆಂಡಿನ ಹನ್ನೆರಡರಲ್ಲಿ ಒಂದು ಭಾಗದೊಳಗೆ ಸಮವಾಗಿಬಿಡುತ್ತದೆ. ಹಾಗಾಗಿ ಹಳೆಯ ಉಪಕರಣಗಳಲ್ಲಿ ಉಡಾವಣೆಯ ನಂತರ ಇಷ್ಟು ಸೆಕೆಂಡು ಕಣ್ಣುಮುಚ್ಚಿಕೊಂಡಿರು ಎಂದು ಹೇಳುವ ಮ್ಯಾಕ್ ವಿಳಂಬದ ಏರ್ಪಾಡಿತ್ತು. ಈಗಿನವುಗಳಲ್ಲಿ ವೇಗವನ್ನು ಅಂದಾಜಿಸಿ ಅಸಂಭವದ ಓದುಗಳನ್ನು ತಳ್ಳಿಹಾಕುವ ಗಣಿತ ಬಂದಿದೆ. ಪರಿಹಾರ ಇರಬೇಕಾದದ್ದೂ ಅಲ್ಲೇ.

ಗೂಡಿನ ಎರಡು ತುದಿಗಳ ಆಚೆ ಮದ್ದಿನ ಪೊಟ್ಟಣಗಳಿರುತ್ತವೆ. ಮದ್ದು ಉರಿದಾಗ ಅಲ್ಲಿನ ಒತ್ತಡ 70,000ದಿಂದ 1,00,000 ಪಾಸ್ಕಲ್ ಏರುವುದು ಸಾಮಾನ್ಯ. ತಂತಿ ಹಾಯಿಸಿದ ತೂತಿನಲ್ಲೋ ಮುಚ್ಚಳದ ಅಂಚಿನಲ್ಲೋ ಸೋರಿಕೆಯಿದ್ದು ಅದರ ನೂರರಲ್ಲೊಂದು ಭಾಗ ಒಳಬಂದರೂ ದಾಖಲೆಯಲ್ಲಿ ಎಂಬತ್ತು ಮೀಟರಿನ ಕಂದಕ ಮೂಡುತ್ತದೆ. ದೊಡ್ಡ ಪ್ಯಾರಾಚೂಟಿನ ಎತ್ತರಕ್ಕೆ ಹತ್ತಿರವಿದ್ದರೆ ಅದೂ ಬಿಚ್ಚೀತು. ಮದ್ದಿನ ಮಸಿ ಸಂವೇದಕವನ್ನು ಕ್ರಮೇಣ ಕೊರೆಯುವುದು ಬೇರೆ. ತುದಿಗಳು ಭದ್ರವಾಗಿರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ: ಗೂಡು ಪಕ್ಕದ ಪ್ಯಾರಾಚೂಟ್ ಕೋಣೆಯೊಂದಿಗೆ ಗಾಳಿ ಹಂಚಿಕೊಂಡರೆ ಕಿಂಡಿಯ ಲೆಕ್ಕದ ಘನಗಾತ್ರವೇ ಬದಲಾಗುತ್ತದೆ. ಪ್ಯಾರಾಚೂಟ್ ಕೋಣೆಗೂ ತನ್ನದೇ ಒಂದು ತೂತು ಬೇಕು, ಅದರ ಉದ್ದೇಶ ಬೇರೆ. 98 ಮಿಲಿಮೀಟರಿನ ಮುಚ್ಚಿದ ಕೊಳವೆ ಸಮುದ್ರಮಟ್ಟದಿಂದ 1,500 ಮೀಟರಿಗೆ ಏರಿದರೆ ಒಳಗಿನ ಗಾಳಿ ಜೋಡಣೆಯನ್ನು ಸುಮಾರು 13 ಕಿಲೋಗ್ರಾಂ ತೂಕದ ಬಲದಿಂದ ಬಿಚ್ಚಲು ತಳ್ಳುತ್ತದೆ. ಈ ಎರಡು ಬಗೆಯ ತೂತುಗಳನ್ನು ಒಂದೇ ಎಂದು ತಿಳಿದವರ ಪ್ರಶ್ನೆಗಳು ಹವ್ಯಾಸಿಗಳ ನಡುವೆ ಮತ್ತೆ ಮತ್ತೆ ಬರುತ್ತವೆ.

ಎರಡು ಸಣ್ಣ ಸಂಗತಿಗಳು. ಈ ಸಂವೇದಕಗಳ ಸಿಲಿಕಾನ್ ಬೆಳಕಿಗೆ ಸ್ಪಂದಿಸುತ್ತದೆ. ಕಿಂಡಿಯಿಂದ ಬಿಸಿಲು ನೇರ ಸಂವೇದಕದ ಮೇಲೆ ಬಿದ್ದರೆ ಓದು ಕೆಡುತ್ತದೆ. ಕಿಂಡಿಯ ನೇರಕ್ಕೆ ಸಂವೇದಕ ಬರದಂತೆ ಕೂರಿಸಬೇಕು. ಮತ್ತೊಂದು, ಸಾಗಣೆಯಲ್ಲಿ ದೂಳು ಬೀಳದಿರಲೆಂದು ಕಿಂಡಿಗೆ ಅಂಟಿಸಿದ ಟೇಪು. ಇದರ ಬೆಲೆ ಎಷ್ಟೆಂದು 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 603ನೇ ವಿಮಾನ ತೋರಿಸಿತು. ತೊಳೆಯುವಾಗ ಒತ್ತಡದ ಕಿಂಡಿಗಳಿಗೆ ಅಂಟಿಸಿದ್ದ ಟೇಪನ್ನು ತೆಗೆಯದೆ ಬಿಟ್ಟಿದ್ದರು. ಎತ್ತರವೂ ವೇಗವೂ ತಿಳಿಯದೆ ಆ ಬೋಯಿಂಗ್ 757 ರಾತ್ರಿಯ ಕತ್ತಲಲ್ಲಿ ಸಮುದ್ರಕ್ಕೆ ಬಿತ್ತು, ಅದರಲ್ಲಿದ್ದ 70 ಮಂದಿಯೂ ಸತ್ತರು. ಉಡಾವಣೆಗೆ ಮುಂಚಿನ ತಪಾಸಣಾ ಪಟ್ಟಿಯಲ್ಲಿ ಕಿಂಡಿಗೆ ಪ್ರತ್ಯೇಕ ಸಾಲು ಇರಬೇಕಾದದ್ದು ಇದಕ್ಕೆ.

ಮೀಟರಿನ ಭಾಗಗಳೂ ಬೆಲೆಬಾಳುವ ಜಾಗ ಒಂದಿದೆ. 2003ರಲ್ಲಿ ಶುರುವಾದ, ಅಮೆರಿಕದ ಶಾಲಾ ತಂಡಗಳ ರಾಕೆಟ್ ಸ್ಪರ್ಧೆಯಲ್ಲಿ ಹಸಿ ಕೋಳಿಮೊಟ್ಟೆಯನ್ನು ನಿಗದಿತ ಎತ್ತರಕ್ಕೆ ಒಯ್ದು ಒಡೆಯದಂತೆ ಇಳಿಸಬೇಕು. ಎತ್ತರ ಒಂದು ಅಡಿ ತಪ್ಪಿದರೆ ಒಂದು ಅಂಕ ದಂಡ. ಶಿಖರದಲ್ಲಿ ವೇಗ ಶೂನ್ಯವಾದರೆ ಸ್ಥಾನದೋಷವೂ ಶೂನ್ಯ. ಆದರೆ ಗಾಳಿಗೆ ವಾಲಿದ ರಾಕೆಟ್ ಶಿಖರದಲ್ಲೂ ಸೆಕೆಂಡಿಗೆ 10 ಮೀಟರ್ ಅಡ್ಡ ಸಾಗುತ್ತಿರಬಹುದು. ಆಗ ಶೇಕಡ ಹತ್ತರ ದೋಷ ಅರ್ಧ ಮೀಟರ್, ಹೆಚ್ಚುಕಡಿಮೆ ಒಂದೂವರೆ ಅಡಿ. ದಂಡವೂ ಅಷ್ಟೇ.

ಮುಗಿದ ಹಾರಾಟದ ದಾಖಲೆಯಿಂದಲೇ ಸ್ಥಾನದೋಷವನ್ನು ಅಳೆಯಬಹುದು. ವೇಗೋತ್ಕರ್ಷ ಮಾಪಕವೂ ಇರುವ ಉಪಕರಣದಲ್ಲಿ ಅದರ ಓದನ್ನು ಕೂಡಿಸಿ ಪಡೆದ ಎತ್ತರವನ್ನು ಒತ್ತಡದಿಂದ ಬಂದ ಎತ್ತರದಿಂದ ಕಳೆದು, ಉಳಿದ ವ್ಯತ್ಯಾಸವನ್ನು ವೇಗದ ವರ್ಗದ ಎದುರು ಗುರುತಿಸಿದರೆ ಬಿಂದುಗಳು ಸರಳರೇಖೆಯ ಸುತ್ತ ಬೀಳುತ್ತವೆ. ಆ ರೇಖೆಯ ಓರೆಯೇ ದೋಷದ ಪ್ರಮಾಣ. ಕೂಡಿಕೆಯ ತಪ್ಪು ಹೊತ್ತು ಕಳೆದಂತೆ ಬೆಳೆಯುವುದರಿಂದ, ಏರುವ ಭಾಗದಲ್ಲಿ ರಾಕೆಟ್ ಇನ್ನೂ ನೆಟ್ಟಗಿರುವ ಮೊದಲ ಸೆಕೆಂಡುಗಳನ್ನು ಮಾತ್ರ ಬಳಸಬೇಕು. ಹಿಂಬೀಳಿಕೆಯೂ ವೇಗದ ವರ್ಗದಂತೆಯೇ ಬೆಳೆಯುತ್ತದಾದ್ದರಿಂದ ಏರುವಾಗ ಇವೆರಡನ್ನು ಬೇರ್ಪಡಿಸಲಾಗದು. ಮೂತಿ ಕೆಳಗಾಗಿ ಬೀಳುವಾಗ ಹಿಂಬೀಳಿಕೆಯ ಚಿಹ್ನೆ ತಿರುಗುತ್ತದೆ, ಸ್ಥಾನದೋಷದ ಚಿಹ್ನೆ ಹಾಗೇ ಉಳಿಯುತ್ತದೆ. ಆದ್ದರಿಂದ ಪ್ಯಾರಾಚೂಟ್ ತಡವಾಗಿ ಬಿಚ್ಚಿದ ಹಾರಾಟವೊಂದರ ದಾಖಲೆ ಯಾರ ಬಳಿಯಾದರೂ ಇದ್ದರೆ, ಏರುವಾಗಿನ ಮತ್ತು ಬೀಳುವಾಗಿನ ರೇಖೆಗಳ ಓರೆಯನ್ನು ಕೂಡಿಸಿ ಅರ್ಧ ಮಾಡಿದರೆ ಸ್ಥಾನದೋಷ, ಕಳೆದು ಅರ್ಧ ಮಾಡಿದರೆ ಹಿಂಬೀಳಿಕೆ. ಎರಡನೆಯ ಸಂಖ್ಯೆ ಮೊದಲನೆಯದರ ಶೇಕಡ ಹತ್ತನ್ನು ದಾಟಿ ಬಂದರೆ ಕಿಂಡಿಯನ್ನು ದೊಡ್ಡದು ಮಾಡುವ ಮೊದಲು ಅದರೊಳಗೆ ಬಣ್ಣವೋ ಅಂಟೋ ಕಟ್ಟಿಕೊಂಡಿದೆಯೇ ಎಂದು ನೋಡಬೇಕು.